ಕಲ್ಲಿನ ನಾರು

ಕರಿಬಸವರಾಜ ಎರಡನೇ ಸಲ ಸೀಮೆಎಣ್ಣೆ ಸುರಿದ. ಭಗ್ಗೆಂದು ಎದ್ದ ಬೆಂಕಿ ಸತ್ತ ಅಣ್ಣನ ದಿಂಬನ್ನು ತಿಂದಿತು, ಕೌದಿಯನ್ನು ತಿಂದಿತು, ಚಾಪೆಯನ್ನೂ ಬಿಡಲಿಲ್ಲ. ಕೆಳಗೆ ಹಾಸಿಕೊಳ್ಳುತ್ತಿದ್ದ ದಪ್ಪ ಬಿಳಿ ಬಟ್ಟೆ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಬಿದ್ದಿತ್ತು. ಕೋಲಿನಿಂದ ಎತ್ತಿ ಒದರಿದ. ಮಸಿ ಉದುರಿ ಬಟ್ಟೆ ಮೊದಲಿಗಿಂತ ಬೆಳ್ಳಗೆ ಕಂಡಿತು.

"ಅತ್ತಿಗೆ, ಇದು ಸುಡ್ತಾನೇ ಇಲ್ಲ," ಎಂದ.

ಮರುಳಸಿದ್ದಮ್ಮ ಹಿತ್ತಲ ಬಾಗಿಲಲ್ಲಿ ಕುಳಿತಿದ್ದಳು. ಗಂಡ ಕೆಂಚವೀರಪ್ಪನನ್ನು ಮಣ್ಣು ಮಾಡಿ ಬಂದು ಇನ್ನೂ ಎರಡು ಗಂಟೆಯಾಗಿರಲಿಲ್ಲ. ಕ್ಷಯದವನ ಹಾಸಿಗೆ ಇವತ್ತೇ ಸುಡಬೇಕೆಂದು ಓಣಿಯವರು ಹೇಳಿಕಳಿಸಿದ್ದರು. ಹೇಳಿಕಳಿಸಿದ್ದಷ್ಟೇ, ಯಾರೂ ಬಂದಿರಲಿಲ್ಲ. ಹೊರಲು ಜನ ಸಾಲದೆ, ಮಿಲ್ಲಿನಲ್ಲಿ ಅವನ ಜೊತೆ ದುಡಿದಿದ್ದ ಮಕ್ತುಮ್ ಸಾಬ್ ಹರಿಹರದಿಂದ ಬಂದು ಹೆಗಲು ಕೊಟ್ಟಿದ್ದ.

ಪಕ್ಕದ ಮನೆಯ ನಿರ್ಮಲಮ್ಮ ಗೋಡೆಯಾಚೆಯಿಂದ ಇಣುಕಿದವಳು ಕೈ ಮುಗಿದೇಬಿಟ್ಟಳು. ಬೆಂಕಿಯೂ ಮುಟ್ಟದ ಹಾಸಿಗೆ ಎಂದರೆ ಅದರ ಮೇಲೆ ಮಲಗಿದ್ದವನು ಸಾಮಾನ್ಯನಲ್ಲ, ಶರಣ ಎಂದಳು. ಎರಡು ವರ್ಷ ಈ ಮನೆಯ ನೀರು ಮುಟ್ಟದ ಪುಣ್ಯಾತ್ಗಿತ್ತಿ ಓಣಿಗೆಲ್ಲ ಸುದ್ದಿ ಹಂಚಲು ಓಡಿದಳು. ಅರ್ಧ ಗಂಟೆಯಲ್ಲಿ ಹಿತ್ತಲು ತುಂಬಿತು.

*

ಆ ಬಟ್ಟೆ ಮನೆಗೆ ಬಂದದ್ದು ಐವತ್ನಾಲ್ಕನೇ ಇಸವಿಯಲ್ಲಿ. ದಾವಣಗೆರೆಯ ಒಂದು ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಕೆಂಚವೀರಪ್ಪನದು ಹಬೆಯ ಕೊಳವೆಗಳಿಗೆ ಹೊದಿಕೆ ಹಾಕುವ ಕೆಲಸ. ಬಿಳಿ ಪುಡಿಯನ್ನು ನೀರಲ್ಲಿ ಕಲಸಿ ಮೆತ್ತಬೇಕು, ಮೇಲೆ ಬಟ್ಟೆ ಸುತ್ತಬೇಕು. ಸಂಜೆ ಬಂದವನ ಮೈಯೆಲ್ಲ ಬೂದಿ ಬಳಿದಂತಿರುತ್ತಿತ್ತು. "ಮಠದಿಂದ ಬಂದ್ರೋ, ಮಿಲ್ಲಿಂದ ಬಂದ್ರೋ?" ಎಂದು ಅವಳು ಛೇಡಿಸುತ್ತಿದ್ದಳು. ಉಳಿದ ತುಂಡೊಂದನ್ನು ಮೇಸ್ತ್ರಿ ಕೊಟ್ಟನೆಂದು ಹೆಗಲ ಮೇಲೆ ಹೊತ್ತು ತಂದ ದಿನ ಅವನ ಗತ್ತು ನೋಡಬೇಕಿತ್ತು, ರೇಷ್ಮೆ ಸೀರೆ ತಂದವನಿಗೂ ಅಷ್ಟಿರುವುದಿಲ್ಲ. ಬಟ್ಟೆ ಬೆಚ್ಚಗಿತ್ತು. ಪ್ರತಿ ಸೋಮವಾರ ಅವಳೇ ಅದನ್ನು ಒದರಿ ಬಿಸಿಲಿಗೆ ಹಾಕುತ್ತಿದ್ದಳು.

ವರ್ಷಗಳು ಕಳೆದು ಅವನಿಗೆ ಕೆಮ್ಮು ಹತ್ತಿದಾಗ ಒಬ್ಬ ಡಾಕ್ಟರು ಕ್ಷಯ ಎಂದರು. ಇನ್ನೊಬ್ಬರು ಕಫ ನೋಡಿ ಅಲ್ಲ ಎಂದರು, ಮತ್ತೇನೆಂದು ಮಾತ್ರ ಹೇಳಲಿಲ್ಲ. ಓಣಿಗೆ ಮೊದಲಿನವರ ಮಾತೇ ಸಾಕಾಯಿತು. ಮಗಳು ಉಮಾಮಹೇಶ್ವರಿಗೆ ಗೊತ್ತು ಮಾಡಿದ್ದ ಗಂಡಿನ ತಾಯಿ ಕಸ್ತೂರಮ್ಮ ಹೋದ ವರ್ಷ ಮಾತು ಮುರಿದಳು.

*

ಈಗ ಅದೇ ಕಸ್ತೂರಮ್ಮ ಹಿತ್ತಲಲ್ಲಿ ನಿಂತು, "ಅಳಬ್ಯಾಡ್ರಿ ಬೀಗಿತ್ತಿ," ಎಂದಳು.

ವರ್ಷದಿಂದ ಕೇಳದ ಆ ಪದಕ್ಕೆ ಮರುಳಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. ಇಂಥ ಪುಣ್ಯವಂತನ ಮಗಳು ತಮ್ಮ ಮನೆ ತುಂಬಬೇಕು, ವರ್ಷ ಕಳೆಯುವುದರೊಳಗೆ ಮದುವೆ ಮುಗಿಸೋಣ ಎಂದಳು ಕಸ್ತೂರಮ್ಮ. ಮೂಲೆಯಲ್ಲಿದ್ದ ಮಗಳು ತಲೆ ಎತ್ತಿದಳು. ಗಂಡ ಸತ್ತ ದಿನವೇ ಮನಸ್ಸು ಹೀಗೆ ಹಿಗ್ಗಬಹುದೇ ಎಂದು ಮರುಳಸಿದ್ದಮ್ಮನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಮಕ್ತುಮ್ ಸಾಬ್ ಅವಳನ್ನು ನೀರಿನ ಹಂಡೆಯ ಹತ್ತಿರ ಕರೆದ. ಎರಡು ಮಾತಾಡಿದರೆ ಅವನಿಗೂ ದಮ್ಮು ಹತ್ತುತ್ತಿತ್ತು.

"ಇದು ಮಿಲ್ಲಿನ ಬಟ್ಟೆ ಅಕ್ಕಾ. ಕಲ್ಲಿನ ನಾರು. ಕಲ್ಲು ಎಲ್ಲಾದ್ರೂ ಸುಡತೈತಾ? ಬಾಯ್ಲರ್ ನೋಡಾಕ ಬಂದ ಇಂಜಿನಿಯರು ಮೂಗಿಗೆ ಕರ್ಚೀಪು ಕಟ್ಕೊಂಡು ಬಾಗ್ಲಾಗೇ ನಿಂತಿದ್ದ. ಆ ಕೆಲಸಕ್ಕೆ ನಾವು ಐದು ಜನ ಇದ್ವಿ. ನಾಲ್ಕು ಜನ ಹಿಂಗೇ ಕೆಮ್ಮಿ ಕೆಮ್ಮಿ ಹೋದ್ರು."

"ಹಂಗಾರೆ ಇವರು ಹೋಗಿದ್ದು ಈ ಧೂಳಿಗೇನಾ?"

"ನಂಗೂ ಗೊತ್ತಿಲ್ಲ. ಯಾರೂ ಹೇಳಿಲ್ಲ. ಆದ್ರ ಮನ್ಯಾಗ ಇಟ್ಕಾಬ್ಯಾಡ."

ಹೌದೋ ಅಲ್ಲವೋ ಇವನೇ ಹೇಳಲಾರ. ಡಾಕ್ಟರಿಗೆ ತಿಳಿಯದ್ದು ತನಗೆ ಹೇಗೆ ತಿಳಿಯಬೇಕು? ಬಾಯಿ ಬಿಟ್ಟರೆ ಶರಣ ಮತ್ತೆ ಕ್ಷಯದವನಾಗುತ್ತಾನೆ, ಮಗಳ ಮದುವೆ ಮತ್ತೆ ಮುರಿಯುತ್ತದೆ. ಸುಮ್ಮನಿರೋಣ ಎಂದುಕೊಂಡೇ ಅವಳು ಹಿಂದಿರುಗಿದಳು.

ಹಿತ್ತಲಲ್ಲಿ ಬಟ್ಟೆ ಹರಿದು ಹಂಚಿಕೊಳ್ಳುತ್ತಿದ್ದರು, ಕೂಸಿನ ತೊಟ್ಟಿಲಿಗೊಂದು ತುಂಡು, ದೇವರ ಜಗಲಿಗೊಂದು. ಹರಿದಾಗಲೆಲ್ಲ ಬಿಸಿಲಿನಲ್ಲಿ ಬಿಳಿ ಧೂಳು ಏಳುತ್ತಿತ್ತು. ಕಸ್ತೂರಮ್ಮ ಒಂದು ತುಂಡನ್ನು ಉಮಾಮಹೇಶ್ವರಿಯ ಅಂಗೈಗಿಟ್ಟು ಕಣ್ಣಿಗೊತ್ತಿಕೊಳ್ಳಲು ಹೇಳಿದಳು. ಹುಡುಗಿ ಒತ್ತಿಕೊಂಡವಳು ಅಪ್ಪನ ಮೈವಾಸನೆ ಹುಡುಕುತ್ತ ಅದರಲ್ಲೇ ಮುಖ ಹುದುಗಿಸಿ ಉದ್ದಕ್ಕೆ ಉಸಿರೆಳೆದಳು.

ಮರುಳಸಿದ್ದಮ್ಮ ಆ ತುಂಡನ್ನು ಕಿತ್ತು ಹಂಡೆಗೆ ಎಸೆದಳು. ಸೆರಗನ್ನು ನೀರಲ್ಲಿ ಅದ್ದಿ, ಮಗಳ ಗದ್ದ ಹಿಡಿದು ಒರೆಸತೊಡಗಿದಳು.

"ಶರಣನ ಪ್ರಸಾದ ಐತೆ, ಯಾಕ ಒರಸ್ತೀರಿ?" ಎಂದಳು ಕಸ್ತೂರಮ್ಮ.

"ಮಿಲ್ಲಿನ ಧೂಳು. ಇದರಿಂದಾನೇ ಹೋದ್ರೋ ಏನೋ, ನಂಗೊತ್ತಿಲ್ಲ. ಯಾರೂ ಒಯ್ಯಬ್ಯಾಡ್ರಿ."

ನಿರ್ಮಲಮ್ಮ ತನ್ನ ತುಂಡನ್ನು ಮೆಲ್ಲಗೆ ಕುಪ್ಪಸದೊಳಗೆ ಸೇರಿಸಿದಳು. ಕಸ್ತೂರಮ್ಮ ಚಪ್ಪಲಿ ಮೆಟ್ಟಿದಳು.

"ಸುಮ್ನಿರಬಾರದಾ ಅವ್ವಾ," ಎಂದು ಮಗಳು ಬಿಕ್ಕಿದಳು. ಕಣ್ಣೀರಿಗೆ ಧೂಳು ಬೆರೆತು ಕೆನ್ನೆಯ ಮೇಲೆ ಇಳಿಯಿತು. ಚಪ್ಪಲಿಯ ಸದ್ದು ಓಣಿ ದಾಟಿ ಹೋಯಿತು. ತಾಯಿ ಗದ್ದ ಬಿಡದೆ, ಕೆನ್ನೆ ಕೆಂಪೇರಿದರೂ ಬಿಡದೆ, ಒರೆಸುತ್ತಲೇ ಇದ್ದಳು.