ಪುಸ್ತಕದಲ್ಲಿಲ್ಲದ ದುಂಡಮ್ಮ

ನತ್ತಿನ ಮುತ್ತು ಅಲುಗುತ್ತಿದೆ, ಶಾರದಾಬಾಯಿ ಉಸಿರಾಡಿದಾಗೊಮ್ಮೆ ಮೇಲ್ತುಟಿಯ ಮೇಲೆ ಅದೇ ಬಿಳಿ ಮುತ್ತು, ಓದುವ ಸಾಲು ಬಿಟ್ಟು ಹಣಮಮ್ಮನ ಕಣ್ಣು ಮತ್ತೆ ಅಲ್ಲಿಗೇ ಹೋಗುತ್ತದೆ, ಇಪ್ಪತ್ತು ವರ್ಷದ ಹಿಂದೆ ಕಮಲಾಪುರದ ಗೌಡರ ವಾಡೆಯಲ್ಲಿ ಕಳೆದಿತ್ತಲ್ಲ, ತವರಿನಿಂದ ಬ್ರಹ್ಮಪುರದ ಈ ಮನೆಗೆ ಬಂದು ಕೂತಿದೆ ನೋಡು. ಮುಂದ ಓದು ಹಣಮಿ, ಯಾಕ ನಿಂತಿ. ಓದುತ್ತೇನೆ, ನಿನಗೆ ಅಕ್ಷರ ಬಾರದು, ನಿನ್ನ ಗಂಡ ಗುರುಲಿಂಗಪ್ಪನಿಗೆ ಬರುವುದು ಕಚೇರಿಯ ಉರ್ದು ಅಷ್ಟೇ, ಅದಕ್ಕೇ ತಾನೇ ದಿನಾ ಮಧ್ಯಾಹ್ನ ನನ್ನನ್ನು ಕರೆಸುವುದು. ನನ್ನ ಕನ್ನಡವೋ, ಮೊದಲು ಕೆಲಸಕ್ಕಿದ್ದ ಸಾವಿತ್ರಿಬಾಯಿಯ ಮನೆಯ ಕಸ ಗುಡಿಸುತ್ತ ಅವಳ ಮಕ್ಕಳ ಪಾಠ ಕೇಳಿ ಕದ್ದು ಕಲಿತದ್ದು, ನಮ್ಮ ಮನೆತನದವರು ಕದ್ದದ್ದು ಅದೊಂದೇ. ಧಾರವಾಡದಿಂದ ತರಿಸಿದ ಕಾದಂಬರಿಯಂತೆ, ಜಮೀನುದಾರನ ಹೆಂಡತಿ ನಿಟ್ಟುಸಿರು ಬಿಟ್ಟರೆ ನಾಲ್ಕು ಪುಟ, ಆಳಿನವಳಿಗೆ ಹೆಸರೂ ಇಲ್ಲ, ಸರ ಕದ್ದೆನೆಂದು ತಾನೇ ಒಪ್ಪಿಕೊಂಡು ಕಾಲು ಹಿಡಿಯುತ್ತಾಳೆ, ಒಡತಿ ಕ್ಷಮಿಸುತ್ತಾಳೆ, ಆಹಾ, ಎಂಥ ದೊಡ್ಡ ಮನಸ್ಸು — ನಿನ್ನೆಯೇ ಈ ಪುಟ ತಿರುವಿ ನೋಡಿಟ್ಟಿದ್ದೆ. ನತ್ತು ಕದ್ದವಳು ನೀನೇ ಎಂದು ಗೌಡರ ಮನೆಯವರು ಹಿಡಿದಾಗ ನಮ್ಮ ಅವ್ವ ಒಪ್ಪಿಕೊಳ್ಳಲಿಲ್ಲ. ಕಾದ ಹಂಚಿಗೆ ಅಂಗೈ ಒತ್ತಿಸಿದಾಗಲೂ ನಾ ತಗೊಂಡಿಲ್ರಿ ಎಂದೇ ಅಂದಳು, ಗೌಡರ ಕೆಂಪು ಬಾಳೆಯ ತೋಟಕ್ಕೆ ನೀರು ಹಾಯಿಸಿದ ಕೈ, ಆಮೇಲೆ ಸಾಯುವ ತನಕ ಒಂದು ರೊಟ್ಟಿ ಬಡಿಯಲಾಗದ ಕೈ, ಮತ್ತು ಕಂಬದ ಹಿಂದೆ ನಿಂತಿದ್ದವಳು ಗೌಡರ ಮಗಳು, ಇದೇ ಶಾರದಾ, ತನ್ನ ತಾಯಿಯ ನತ್ತನ್ನು ಗೊಂಬೆಗೆ ಇಟ್ಟು ಆಡಿ ಜೋಳದ ಚೀಲದಲ್ಲಿ ಬಚ್ಚಿಟ್ಟವಳು, ನಾನು ನೋಡಿದ್ದೆ, ಹೇಳಿದೆ, ನನ್ನ ಕಪಾಳಕ್ಕೂ ಬಿತ್ತು. ಎಂಟು ದಿನಕ್ಕೆ ನತ್ತು ಸಿಕ್ಕಿತು, ನಮ್ಮ ಗುಡಿಸಲಿಗೆ ಬಂದು ಯಾರೂ ಒಂದು ಮಾತು ಹೇಳಲಿಲ್ಲ. ನಾನು ಯಾರ ಮಗಳೆಂದು ಇವಳಿಗೆ ಇವತ್ತಿಗೂ ಗೊತ್ತಿಲ್ಲ.

ನಾಳೆಯಿಂದ ಈ ಮನೆಯ ಬಾಗಿಲು ನನಗೆ ಮುಚ್ಚುತ್ತದೆ, ಮುಚ್ಚಲಿ. ಹಣಮಮ್ಮ ಸಾಲಿನ ಮೇಲೆ ಬೆರಳಿಟ್ಟು, ದಿನದ ಅದೇ ರಾಗದಲ್ಲಿ, ಓದುತ್ತಾಳೆ — ಆಳಿನವಳ ಹೆಸರು ದುಂಡಮ್ಮ, ಅವಳು ಕದ್ದಿರಲಿಲ್ಲ, ನತ್ತು ಜೋಳದ ಚೀಲದಲ್ಲಿತ್ತು, ಅದನ್ನು ಇಟ್ಟ ಒಡತಿಯ ಮಗಳು ಕಂಬದ ಹಿಂದೆ ನಿಂತು ಅಂಗೈ ಸುಡುವುದನ್ನು ನೋಡುತ್ತಿದ್ದಳು. ಶಾರದಾಬಾಯಿಯ ಕೈಯ ಬೀಸಣಿಗೆ ನಿಂತಿತು. ಹಿಂಗಂತ ಬುಕ್ಕಿನಾಗ ಬರದಾರೇನು. ಬರದಾರ್ರಿ ಬಾಯಾರ. ಎಲ್ಲ್ಯದ, ತೋರಸು. ತೋರಿಸುತ್ತೇನೆ, ಇಗೋ, ಆಳಿನವಳು ಕಾಲಿಗೆ ಬಿದ್ದ ಸಾಲು, ನೋಡು, ಕಣ್ಣು ಕಿರಿದು ಮಾಡಿ ನೋಡು, ನಿನ್ನ ಕಣ್ಣಿಗೆ ಬರೀ ಕರೀ ಇರುವೆ ಸಾಲು, ಯಾರನ್ನು ಕರೆದು ಓದಿಸುತ್ತೀ, ಓದಿಸಿದರೆ ಏನನ್ನು ಹುಡುಕು ಎಂದು ಹೇಳುತ್ತೀ — ಶಾರದಾಬಾಯಿ ಪುಟದಿಂದ ತಲೆಯೆತ್ತದೆ ಮೆಲ್ಲಗೆ ಕೇಳಿದಳು, ಆ ದುಂಡಮ್ಮಗ ಒಬ್ಬಾಕಿ ಮಗಳಿದ್ದಳಲ್ಲ. ಅದಾಳ್ರಿ, ಓದಾಕ ಕಲ್ತಾಳ್ರಿ. ಈಗ ತಲೆ ಎತ್ತಿದಳು, ನನ್ನ ಮುಖ ನೋಡಿದಳು, ಅವ್ವನ ಮುಖವೇ ನನ್ನದು ಎನ್ನುತ್ತಿದ್ದರು ಎಲ್ಲರೂ, ನೋಡು, ಮೇಲ್ತುಟಿಯ ಮೇಲೆ ಬಿಳಿ ಮುತ್ತು, ಅಲುಗುತ್ತಿಲ್ಲ, ಮುತ್ತು ಅಲುಗುತ್ತಿಲ್ಲ