ನಿಲ್ಲುವ ಜಾಗ

ನಾನು ನವಲಗುಂದದ ಒಂದು ಜಮಖಾನ. ನೇಯ್ದವಳು ಪಂಜಾ ಎಂಬ ಕಬ್ಬಿಣದ ಹಣಿಗೆಯಿಂದ ಎಳೆ ಎಳೆಯನ್ನೂ ಬಡಿದು ಬಡಿದು ನನ್ನನ್ನು ಗಟ್ಟಿ ಮಾಡಿದಳು. ಮೇಲೆ ಕುಳಿತವರ ಮುಖ ನನಗೆ ಕಾಣುವುದಿಲ್ಲ. ಅವರ ತಳಮಳ ಮಾತ್ರ ತಪ್ಪದೆ ತಿಳಿಯುತ್ತದೆ.

ಗದಗಿನಲ್ಲಿ ಯೋಗ ಕಲಿಸುವ ನೀಲಕ್ಕ ನನ್ನನ್ನು ಕೊಂಡರು. ಒಂದು ದಿನ ಅವರಲ್ಲಿಗೆ ಸಾಬಿರಾ ಎಂಬ ಹುಡುಗಿ ಬಂದಳು. ಕುಳಿತರೂ ಮಂಡಿ ನಡುಗುತ್ತಿತ್ತು. ಅವಳ ಓಣಿಯ ಹೆಣ್ಣುಮಕ್ಕಳಿಗೆ ಕುರಾನ್ ಓದಲು ಕಲಿಸುವ ಖಾತೂನಬಿ ಆಪಾಗೆ ಕಣ್ಣು ಮಂಜಾಗಿತ್ತು. ಸಾಬಿರಾ ತಪ್ಪಿಲ್ಲದೆ ಓದಿ ಒಪ್ಪಿಸಿದರೆ ಪಾಠ ಅವಳ ಕೈಗೆ. ಇಲ್ಲದಿದ್ದರೆ ಪಾಠದ ಬಾಗಿಲು ಮುಚ್ಚಬೇಕು.

"ಆಪಾ ಮುಂದ ಕೂತ್ರ ಉಸಿರೇ ಸಾಲಂಗಿಲ್ರೀ ಅಕ್ಕಾ. ನಿಲ್ಲಬಾರದ ಕಡೆ ನಿಲ್ತೀನಿ. ಅರ್ಥಾನೇ ಕೆಡತದ."

"ಬಾಯಿ ಆಮ್ಯಾಲ ನೋಡೋಣು. ಮೊದಲ ಮೂಗು ಸರಿ ಮಾಡೋಣು," ಎಂದು ನೀಲಕ್ಕ ನಕ್ಕರು.

ಉಸಿರು ಎಳೆಯುವುದು, ಬಿಡುವುದು, ಬಿಟ್ಟ ಮೇಲೆ ಸುಮ್ಮನೆ ಇರುವುದು. ಆ ಖಾಲಿ ಗಳಿಗೆಗೆ ಸಾಬಿರಾ ಹೆದರುತ್ತಿದ್ದಳು, ಬೇಗ ದಾಟಿಬಿಡುತ್ತಿದ್ದಳು.

"ಓಡಬ್ಯಾಡವಾ, ಅಲ್ಲೇ ಕೂಡು," ಎನ್ನುತ್ತಿದ್ದರು ನೀಲಕ್ಕ. ಕೊನೆಗೆ ನನ್ನನ್ನೇ ಸುತ್ತಿ ಕೊಟ್ಟರು: "ಇದರ ಮ್ಯಾಲೇ ಕೂತು ಓದು. ರೂಢಿ ಆಗೇದ."

ಒಪ್ಪಿಸುವ ದಿನ ಬಂತು. ಖಾತೂನಬಿಯವರ ಎದುರು ನನ್ನನ್ನು ಹಾಸಿ ಕುಳಿತ ಸಾಬಿರಾಳ ಉಸಿರು ಈಗ ಉದ್ದವಾಗಿತ್ತು. ಆ ಹುಮ್ಮಸ್ಸಿನಲ್ಲಿ, ನಿಲ್ಲಲೇಬೇಕಾದ ಒಂದು ಜಾಗವನ್ನು ನಿಲ್ಲದೆ ದಾಟಿದಳು. ಖಾತೂನಬಿಯವರ ಕೋಲು ನನ್ನ ಅಂಚಿಗೆ ಬಡಿಯಿತು.

"ಏ ಬೇಟಿ, ಓದಾಕ ಬಂದೀಯೋ, ಉಸಿರು ತೋರಿಸಾಕ ಬಂದೀಯೋ? ಅಲ್ಲಿ ನಿಲ್ಲಲಿಲ್ಲಂದ್ರ ದೇವರು ಆಡಿದ ಮಾತು ಮಂದಿ ಆಡಿದಂಗ ಆಗ್ತದ. ಇನ್ನೊಮ್ಮೆ ಓದು. ಇದೇ ಕಡೇದು."

ಬಾಗಿಲಾಚೆ ಹುಡುಗಿಯರ ಪಿಸುಮಾತು ನಿಂತಿತು. ಸಾಬಿರಾ ಉಸಿರನ್ನು ಪೂರ್ತಿ ಬಿಟ್ಟಳು. ಈ ಸಲ ಓಡಲಿಲ್ಲ. ಅವಳ ಭಾರವೆಲ್ಲ ಮೆಲ್ಲಗೆ ನನ್ನ ಮೇಲೆ ಇಳಿಯಿತು. ಓದತೊಡಗಿದಳು. ಆ ಜಾಗ ಬಂತು. ನಿಂತಳು. ಎತ್ತಿದ ಕೋಲು ಗಾಳಿಯಲ್ಲೇ ಇತ್ತು. ಅವಳು ಅವಸರ ಮಾಡದೆ ಉಸಿರು ತೆಗೆದುಕೊಂಡು ಮುಂದೆ ಓದಿದಳು. ಕೊನೆಯ ಮಾತು ಮುಗಿದಾಗ ಕೋಲು ನನ್ನ ಪಕ್ಕದಲ್ಲಿ ಸದ್ದಿಲ್ಲದೆ ಮಲಗಿತು.

"ಇಷ್ಟು ಸಮಾಧಾನ ಯಾರು ಕಲಿಸಿದ್ರು?"

"ಯೋಗದ ನೀಲಕ್ಕ, ಆಪಾ."

"ಮತ್ತ ಮೊದಲ ಹೇಳಬಾರದ? ನನ್ನ ಮೊಣಕಾಲಿಗೂ ಏನರ ಕಲಿಸ್ತಾಳೇನ ಕೇಳು."

ಈಗ ನನ್ನ ಬಣ್ಣ ಮಾಸಿದೆ, ಅಂಚು ಬಿಚ್ಚಿದೆ. ಸಾಬಿರಾಳ ಪಾಠದ ಕೋಣೆಯಲ್ಲಿ ಹೊಸಬರು ಕೂರುವ ಮೂಲೆ ನನ್ನದು. ನಡುಗುವ ಮಂಡಿಗಳು ಇನ್ನೂ ಬರುತ್ತಿವೆ. ಕುರಾನ್ ತೆರೆಯುವ ಮೊದಲು ಸಾಬಿರಾ ಹೇಳುತ್ತಾಳೆ: "ಉಸಿರು ಬಿಡ್ರಿ. ಓಡಬ್ಯಾಡ್ರಿ." ಕೆಳಗೆ ನಾನು ಕಾಯುತ್ತೇನೆ. ಮಗುವಿನ ಭಾರ ಇಳಿದದ್ದು ಮೊದಲು ಗೊತ್ತಾಗುವುದು ನನಗೇ.