ಬಾವಿಗಿಳಿದ ಕಾಲುಗಳು

ಎತ್ತಿನ ಬಂಡಿ ಇಷ್ಟು ನಿಧಾನ ಹೋಗುತ್ತದೆಂದು ನರ್ಸು ರಾಮಲಕ್ಷ್ಮಿಗೆ ಅವತ್ತೇ ಗೊತ್ತಾಗಿದ್ದು. ಕೌತಾಳದ ಸುತ್ತಿನ ಹಳ್ಳಿಗಳಲ್ಲಿ ನಾರುಹುಣ್ಣು ತಗ್ಗಿಸುವ ಕೆಲಸವನ್ನು ಮೇಲಿನವರು ಆಕೆಯ ತಲೆಗೆ ಕಟ್ಟಿದ್ದರು. ಹೇಗೆ ಮಾಡಬೇಕೆಂದು ಮಾತ್ರ ಒಬ್ಬ ಪುಣ್ಯಾತ್ಮನೂ ಹೇಳಿರಲಿಲ್ಲ. ಆಕೆಯೇ ಒಂದು ದಾರಿ ಹುಡುಕಿದ್ದಳು: ಹುಣ್ಣಿನ ಕಾಲನ್ನು ತಣ್ಣೀರಲ್ಲಿಟ್ಟರೆ ಹುಳ ತಲೆ ಹೊರಗೆ ಹಾಕುತ್ತದೆ, ಆಗ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ಹೋದ ವಾರ ಇದನ್ನೇ ಈ ಊರವರಿಗೆ ಬಾಯಿ ನೋಯುವಷ್ಟು ಹೇಳಿ ಬಂದಿದ್ದಳು. ತಣ್ಣೀರು ಅಂದದ್ದು ನೆನಪಿತ್ತು. ಮನೆಯ ಬೋಗುಣಿಯಲ್ಲಿ ಅಂದಿದ್ದೆನೋ ಇಲ್ಲವೋ? ಅದೊಂದು ನೆನಪಾಗದೆ ದಾರಿಯುದ್ದಕ್ಕೂ ಜೀವ ಚಡಪಡಿಸುತ್ತಿತ್ತು.

ಚಾವಡಿಯಲ್ಲಿ ಕುರಿ ಕಾಯುವ ಸುಂಕಪ್ಪ ಒಬ್ಬನೇ ಕೂತಿದ್ದ.

"ಎಲ್ಲಾರೂ ಬಾವ್ಯಾಗ ಅದಾರ ನರ್ಸಮ್ಮ. ನೀವು ಬರಾದ್ರಾಗ ಕಾಲು ನೆನಿಸಿ ಕುಂತಾರ."

ರಾಮಲಕ್ಷ್ಮಿ ಓಡಿದಳು. ಊರಿಗೆಲ್ಲ ಕುಡಿಯಲು ಇದ್ದದ್ದು ಆ ಮೆಟ್ಟಿಲ ಬಾವಿಯೊಂದೇ. ಹುಣ್ಣಿದ್ದವರೆಲ್ಲ ಕೊನೆಯ ಮೆಟ್ಟಿಲ ಮೇಲೆ ಸಾಲಾಗಿ ಕೂತು, ಹೇಳಿದ ಮಾತು ಕೇಳಿದೆವೆಂಬ ಹೆಮ್ಮೆಯಲ್ಲಿ ಕಾಲು ಇಳಿಬಿಟ್ಟಿದ್ದರು. ಪಕ್ಕದಲ್ಲೇ ಹೆಂಗಸರು ಕೊಡ ತುಂಬುತ್ತಿದ್ದರು. ಆಕೆಗೆ ಅಳು ಬಂತು, ತನ್ನ ಮೇಲೆಯೇ ಸಿಟ್ಟೂ ಬಂತು.

"ಕಾಲು ತೆಗೀರಿ," ಅಂದಳು. "ತಪ್ಪು ನಂದು. ಮನ್ಯಾಗ ಬೋಗುಣ್ಯಾಗ ಇಡ್ರಿ ಅನ್ನಬೇಕಿತ್ತು, ಅನ್ನಲಿಲ್ಲ. ಹುಳ ನೀರಾಗ ಮರಿ ಬಿಡತೈತಿ. ಈ ನೀರು ಹಂಗೇ ಕುಡಿದ್ರ ಬರಾ ವರ್ಷ ಊರಿಗೆ ಊರೇ ಕುಂಟತೈತಿ."

ಯಾರೂ ಕಾಲು ತೆಗೆಯಲಿಲ್ಲ. ಎಲ್ಲರೂ ಹಿರಿಯಳಾದ ಬಸವಕ್ಕನ ಮುಖ ನೋಡಿದರು. ಆಕೆಯ ಕಾಲೂ ನೀರಲ್ಲೇ ಇತ್ತು.

"ಆವತ್ತು ನೀರಾಗ ಇಡ್ರಿ ಅಂದ್ರಿ, ಇವತ್ತು ತೆಗೀರಿ ಅಂತೀರಿ," ಅಂದಳು ಬಸವಕ್ಕ. "ನಮ್ಮ ಗಂಗಮ್ಮ ಕೆಟ್ಟಾಕಿ ಏನು?" ಕೂತಲ್ಲೇ ತಂಬಿಗೆ ಅದ್ದಿ ಮುಂದೆ ಹಿಡಿದಳು. "ಬಿಸಿಲಾಗ ಬಂದೀರಿ. ಕುಡೀರಿ."

ಇದು ಉಪಚಾರವಲ್ಲವೆಂದು ರಾಮಲಕ್ಷ್ಮಿಗೆ ತಿಳಿಯಿತು. ಒಲ್ಲೆನೆಂದರೆ ಈ ಊರಲ್ಲಿ ಇನ್ನು ಯಾರೂ ಆಕೆಯ ಮಾತಿಗೆ ಕಿವಿಗೊಡುವುದಿಲ್ಲ. ಹಾಗೇ ಕುಡಿದರೆ ಆಡಿದ ಮಾತು ತಾನೇ ಸುಳ್ಳು ಮಾಡಿದ ಹಾಗೆ. ಆಸ್ಪತ್ರೆಯಲ್ಲಿ ಈ ಹುಳ ಎಳೆಯುವಾಗ ಗಟ್ಟಿ ಗಂಡಸರೂ ಅರಚಿದ್ದನ್ನು ಕಣ್ಣಾರೆ ಕಂಡಿದ್ದಳು. ಸೆರಗನ್ನು ನಾಲ್ಕು ಮಡಿಕೆ ಮಾಡಿ, ಒಂದು ಖಾಲಿ ಚೆಂಬು ಇಸಿದುಕೊಂಡು, ಎಲ್ಲರೆದುರು ನೀರು ಸೋಸಿ ಗಟಗಟ ಕುಡಿದುಬಿಟ್ಟಳು.

"ಇನ್ಮ್ಯಾಲೆ ಹಿಂಗ ಸೋಸಿ ಕುಡೀರಿ, ಹುಳದ ಮರಿ ಅರಿವ್ಯಾಗ ಉಳಿತಾವ. ಬರಾ ವರ್ಷ ನನ್ನ ಕಾಲಾಗ ಹುಳ ಎದ್ರ, ನಿಮ್ಮ ಊರಾಗ ನನಗ ಕಾಲಿಡಾಕ ಬಿಡಬ್ಯಾಡ್ರಿ."

ಬಸವಕ್ಕ ಖಾಲಿ ಚೆಂಬನ್ನೂ ನೆನೆದ ಸೆರಗನ್ನೂ ನೋಡಿದಳು. ಆಮೇಲೆ ನೋವಿಗೆ ಹಲ್ಲು ಕಚ್ಚಿ ಕಾಲನ್ನು ಮೇಲಕ್ಕೆಳೆದುಕೊಂಡಳು.

"ಏಳ್ರಿ ಎಲ್ಲಾರೂ," ಅಂದಳು. "ಆಕಿ ನಮ್ಮ ನೀರು ಕುಡಿದಾಳ. ಆಕಿಗೂ ಒಂದು ವರ್ಷ ನಿದ್ದಿ ಇಲ್ಲ."